ಶನಿವಾರ ರಜ

ವ್ರಬೋವ್ ದೋಲ್ ಊರಿನ ಕೋಟು ಹೊಲಿಯುವ ಕಾರ್ಖಾನೆಗೆ ಕೆಲಸಗಾರರನ್ನು ಆರಿಸಿ ತೆಗೆದುಕೊಳ್ಳುವ ಹೊಣೆ ಗಿನ್ಕಾಳದು. ಮೂವತ್ತೊಂದು ವರ್ಷದಿಂದ ಅವಳು ಅದೇ ಕೋಣೆಯಲ್ಲಿ, ಅದೇ ಮೇಜಿನ ಹಿಂದೆ ಕೂತಿದ್ದಳು. ಅವಳು ಕೂತಲ್ಲೇ ಕೂತಿದ್ದಂತೆ ಕಾರ್ಖಾನೆ ಮೊದಲು ಸರ್ಕಾರದ್ದಾಗಿತ್ತು, ಆಮೇಲೆ ಕೆಲವು ವರ್ಷ ಯಾರದ್ದೂ ಅಲ್ಲದೆ ಬಿದ್ದಿತ್ತು, ಈಗ ಕುರ್ತೆವ್‌ನದಾಗಿತ್ತು. ಕುರ್ತೆವ್ ಇಲ್ಲಿಯೇ ಬಟ್ಟೆ ಕತ್ತರಿಸುವ ಮೇಜಿನಲ್ಲಿ ಕೆಲಸ ಕಲಿತವನು. ಮೆಷಿನ್ನು ರಿಪೇರಿ ಮಾಡುತ್ತಿದ್ದ ಗಿನ್ಕಾಳ ಗಂಡ ಅತನಾಸನ ಹಿಂದೆ ‘ಅಣ್ಣಾ, ಅಣ್ಣಾ’ ಎಂದು ಓಡಾಡಿದವನು. ಯಜಮಾನನಾದ ಮೇಲೂ ಗಿನ್ಕಾಳನ್ನು ‘ಅಕ್ಕಾ’ ಎಂದೇ ಕರೆಯುತ್ತಿದ್ದ. ಹಾಗೆ ಕರೆದುಕೊಂಡೇ ಅವಳಿಂದ ಬೇಕಾದ್ದನ್ನೆಲ್ಲ ಮಾಡಿಸಿಕೊಳ್ಳುತ್ತಿದ್ದ.

ಹಿಂದೆ ಹೊಸಬಳೊಬ್ಬಳು ಬಂದರೆ ಒಂದು ವಾರ ಹಳಬಳ ಪಕ್ಕದಲ್ಲಿ ಕೂತು ಕೆಲಸ ನೋಡಬೇಕಿತ್ತು. ವಾರ ಕಳೆದ ಮೇಲೆ ಗಿನ್ಕಾ ಇಬ್ಬರನ್ನೂ ಕರೆದು ಕೇಳುತ್ತಿದ್ದಳು. ಹೊಸಬಳನ್ನು, “ಇಲ್ಲಿ ಇರೋಕಾಗುತ್ತಾ ನಿನಗೆ?” ಎಂದು, ಹಳಬಳನ್ನು, “ಇವಳನ್ನ ಪಕ್ಕದಲ್ಲಿ ಇಟ್ಕೊಳ್ಳೋಕಾಗುತ್ತಾ ನಿನಗೆ?” ಎಂದು. ಇಬ್ಬರೂ ಹೂಂ ಅಂದರೆ ಕೆಲಸ. ಹಾಗೆ ಬಂದವರು ಇಪ್ಪತ್ತು ವರ್ಷ ಉಳಿದರು. ಕುರ್ತೆವ್‌ಗೆ ಅಷ್ಟು ವ್ಯವಧಾನವಿರಲಿಲ್ಲ.

“ಒಂದು ಬಟ್ಟೆ ಪಟ್ಟಿ ಕೊಡು, ನೇರಕ್ಕೆ ಹೊಲೀತಾಳಾ ನೋಡು. ಎರಡು ನಿಮಿಷ ಸಾಕು,” ಎಂದಿದ್ದ. “ಮಿಕ್ಕಿದ್ದು ಅರ್ಧ ಹೇಳು, ಅಕ್ಕಾ. ಪೂರ್ತಿ ಹೇಳಿದ್ರೆ ಯಾರು ಬರ್ತಾರೆ? ಮೆಷಿನ್ ಮುಂದೆ ಕೂತ ಮೇಲೆ ಉಳಿದರ್ಧ ತಾನಾಗೇ ಗೊತ್ತಾಗುತ್ತೆ. ಹನ್ನೆರಡು ಜನರನ್ನ ತಗೊಂಡ್ರೆ ಮೂರು ಜನ ಉಳೀತಾರೆ. ನನಗೆ ಆ ಮೂರು ಸಾಕು.”

ಹೇಳದೆ ಉಳಿಸಿಕೊಳ್ಳುತ್ತಿದ್ದ ಆ ಅರ್ಧದಲ್ಲಿ ಮುಖ್ಯವಾದದ್ದು ಶನಿವಾರ. ಕಾಗದದ ಮೇಲೆ ವಾರಕ್ಕೆ ಐದು ದಿನದ ಕೆಲಸ. ನಿಜದಲ್ಲಿ ಸೆಪ್ಟೆಂಬರಿನಿಂದ ಈಸ್ಟರ್‌ವರೆಗೆ, ಒಮ್ಮೊಮ್ಮೆ ಅದಕ್ಕೂ ಆಚೆಗೆ, ಶನಿವಾರವೂ ಬರಬೇಕು. ಬಾರದವರ ಹೆಸರನ್ನು ಬಾಗಿಲಿಗೆ ಅಂಟಿಸುತ್ತಿದ್ದರು. “ಶನಿವಾರ ರಜಾನಾ?” ಎಂದು ಕೇಳಿದವರಿಗೆ ಗಿನ್ಕಾ “ರಜ” ಎನ್ನುತ್ತಿದ್ದಳು. ಎದುರಿಗಿದ್ದವರ ಮುಖ ನೋಡದೆ, ಕಾಗದ ನೋಡಿಕೊಂಡು ಹೇಳುತ್ತಿದ್ದಳು. ಹೊಸಬರು ಮೊದಲ ದಿನ ಬಾಗಿಲು ದಾಟುವಾಗ ತಾಮ್ರದ ಪಾತ್ರೆಯಿಂದ ಹೊಸ್ತಿಲ ಮೇಲೆ ನೀರು ಚೆಲ್ಲುವುದು ಆ ಕಡೆಯ ವಾಡಿಕೆ, ಕೈಗೆತ್ತಿಕೊಂಡ ಕೆಲಸ ನೀರಿನಂತೆ ಸಲೀಸಾಗಿ ಹರಿಯಲಿ ಎಂದು. ಆ ನೀರನ್ನೂ ಗಿನ್ಕಾಳೇ ಚೆಲ್ಲುತ್ತಿದ್ದಳು. ಸುಳ್ಳು ಹೇಳಿದ ಬಾಯಿಂದಲೇ ಒಳ್ಳೆಯದಾಗಲಿ ಎಂದು ಹರಸುತ್ತಿದ್ದಳು.

ಸೆವ್ದಾ ಬಂದದ್ದು ಹಿಂದಿನ ಸೆಪ್ಟೆಂಬರಿನಲ್ಲಿ, ಇತರ ಹನ್ನೊಂದು ಹೆಂಗಸರ ಜೊತೆ. ನಲವತ್ತರ ಹತ್ತಿರದವಳು. ಮನೆಯಲ್ಲಿ ಅವಳು, ಅವಳ ತಾಯಿ ಕೇರಾ, ಇಬ್ಬರೇ. ಆ ಬೇಸಗೆಯಲ್ಲಿ ಕೇರಾಳಿಗೆ ಲಕ್ವ ಹೊಡೆದು ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತ್ತು. ಸೆವ್ದಾ ಪ್ರತಿ ಶನಿವಾರ ತಾಯಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಒಂದು ಗಂಟೆಯ ದಾರಿಯ ಬಿಸಿನೀರಿನ ಬುಗ್ಗೆಗೆ ಹೋಗುತ್ತಿದ್ದಳು. ಅಲ್ಲಿ ಬಿದ್ದುಹೋದ ಕೈಕಾಲುಗಳನ್ನು ನೀರಿನಲ್ಲಿ ನೆನೆಸಿ, ತಿಕ್ಕಿ, ಪಳಗಿಸುವ ಹೆಂಗಸೊಬ್ಬಳು ಶನಿವಾರ ಮಾತ್ರ ಬರುತ್ತಿದ್ದಳು. ಎಂಟು ವಾರದಲ್ಲಿ ಎರಡು ಬೆರಳು ಬಿಚ್ಚಿಕೊಂಡಿದ್ದವು. ಅದೇ ಸಮಯಕ್ಕೆ ಊರ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲೂ ಒಂದು ಜಾಗ ಖಾಲಿಯಿತ್ತು.

“ಗಿನ್ಕಾ ಅಕ್ಕ, ನನಗೆ ಹೊಲಿಗೆ ಇಷ್ಟ,” ಎಂದಿದ್ದಳು ಸೆವ್ದಾ. “ಆಸ್ಪತ್ರೆ ಬಟ್ಟೆ ಒಗೆಯೋದು ಯಾರಿಗಿಷ್ಟ? ಆದ್ರೆ ಅಲ್ಲಿ ಶನಿವಾರ ರಜ. ಅಮ್ಮಂದು ಎರಡು ಬೆರಳು ಬಿಚ್ಚಿದೆ, ಮೂರು ಬಾಕಿ. ಈಗ ಬಿಟ್ರೆ ಗಟ್ಟಿಯಾಗಿಬಿಡುತ್ತೆ ಅಂತ ಡಾಕ್ಟ್ರು ಹೇಳಿದಾರೆ. ನೀವು ನೇರವಾಗಿ ಹೇಳಿ. ರಜ ಇಲ್ಲ ಅಂದ್ರೆ ಬೇಜಾರಿಲ್ಲ, ಅಲ್ಲಿಗೆ ಹೋಗ್ತೀನಿ.”

ಇಷ್ಟು ಬಿಡಿಸಿ ಕೇಳಿದವರು ಹಿಂದೆ ಯಾರೂ ಇರಲಿಲ್ಲ. ಅರ್ಧ ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಆದರೆ ಅವಳು ಪಟ್ಟಿ ಹೊಲಿದದ್ದನ್ನು ಗಿನ್ಕಾ ನೋಡಿಬಿಟ್ಟಿದ್ದಳು. ಬಟ್ಟೆಯನ್ನು ಎಳೆಯದೆ, ತಾನಾಗಿ ಸೂಜಿಯ ಕೆಳಗೆ ಹೋಗಲು ಬಿಡುವ ಕೈ ಅದು. ಕೋಟಿಗೆ ತೋಳು ಕೂರಿಸುವ ಮೇಜಿಗೆ ಅಂಥ ಕೈ ಸಿಕ್ಕಿ ಆರು ವರ್ಷವಾಗಿತ್ತು.

“ರಜ ಕಣೇ,” ಎಂದಳು ಗಿನ್ಕಾ. “ಬಾ.”

ಮೊದಲ ಶನಿವಾರದ ಕರೆ ಬಂದಾಗ ಸೆವ್ದಾ ಮೆಟ್ಟಿಲು ಹತ್ತಿ ಬಂದು, “ಇದೊಂದು ವಾರ ಅಲ್ವಾ ಅಕ್ಕ?” ಎಂದು ಕೇಳಿದಳು. ಗಿನ್ಕಾ “ಇದೊಂದೇ” ಎಂದಳು. ಎರಡನೆಯ ಸಲ, “ತಿಂಗಳ ಕೊನೆವರೆಗೆ” ಎಂದಳು. ಮೂರನೆಯ ಸಲ ಸೆವ್ದಾ ಕೇಳಲು ಬರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯ ಜಾಗ ತುಂಬಿಹೋಗಿತ್ತು. ಆಮೇಲೆ ಅವಳು ತಲೆಯೆತ್ತದೆ ತೋಳು ಕೂರಿಸಿದಳು. ಅವಳ ಕೈಯಿಂದ ಹೋದ ಒಂದು ಕೋಟಿನ ಭುಜದಲ್ಲೂ ನೆರಿಗೆ ಬೀಳಲಿಲ್ಲ.

ಅಕ್ಟೋಬರ್ ಕೊನೆಗೆ ಅತನಾಸ್ ತೀರಿಕೊಂಡ. ಹಾಸಿಗೆ ಹಿಡಿದ ಮೇಲೂ ಅವನು ದಿನಾ ಸಂಜೆ, “ಇವತ್ತು ಎಷ್ಟು ಜನ ಬಿಟ್ಟು ಹೋದ್ರು?” ಎಂದು ಕೇಳುತ್ತಿದ್ದ. ಅವಳು ಎಣಿಸಿ ಹೇಳುತ್ತಿದ್ದಳು. ಒಂದು ದಿನ, “ಮೆಷಿನ್ನಲ್ಲಿ ತೊಂದರೆ ಇದ್ದಿದ್ರೆ ನಾನು ಸರಿಮಾಡ್ತಿದ್ದೆ, ಗಿನ್ಕಾ,” ಎಂದ. ಅವನು ಹೋದ ಮೇಲೆ ಖಾಲಿ ಮನೆಯಲ್ಲಿ, ದೇವರ ಪಟದ ಮುಂದೆ ದೀಪ ಹಚ್ಚುವಾಗ, ಅವಳಿಗೆ ಆ ಮಾತು ನೆನಪಾಗದ ದಿನವಿರಲಿಲ್ಲ. ನೆನಪಾಗುತ್ತಿತ್ತು, ಬೆಳಿಗ್ಗೆ ಎದ್ದು ಮತ್ತೆ ಅದೇ ಮೇಜಿಗೆ ಹೋಗುತ್ತಿದ್ದಳು.

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹಿಂದಿನ ದಿನ ಕ್ಷಮೆಯ ಭಾನುವಾರ. ಆ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ, ಬಲಗೈಗೆ ಮುತ್ತಿಟ್ಟು, “ಕ್ಷಮಿಸಿ” ಎನ್ನಬೇಕು. ಹಿರಿಯರು “ಕ್ಷಮಿಸಿದೆ, ದೇವರೂ ಕ್ಷಮಿಸಲಿ” ಎನ್ನಬೇಕು. ತಪ್ಪು ಯಾವುದೆಂದು ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಶನಿವಾರ ನಿಜವಾಗಿ ರಜವಿದ್ದ ಕಾಲದ ರೂಢಿಯಂತೆ ಕಾರ್ಖಾನೆಯ ಹೆಂಗಸರು ಈ ಶಾಸ್ತ್ರವನ್ನು ಶುಕ್ರವಾರವೇ ಮುಗಿಸಿಕೊಳ್ಳುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ಜರ್ಮನಿಯಿಂದ ಇನ್ನೂರ ನಲವತ್ತು ಕೋಟುಗಳು ವಾಪಸು ಬಂದವು. ಕುರ್ತೆವ್ ಒಂದನ್ನು ತಂದು ಗಿನ್ಕಾಳ ಮೇಜಿನ ಮೇಲೆ ಒಗೆದ. ಎಡಭುಜದಲ್ಲಿ ತೋಳು ಬಾಡಿದ ಎಲೆಯಂತೆ ಸುರುಟಿಕೊಂಡಿತ್ತು.

“ನೋಡು ಅಕ್ಕಾ, ಇದು ಹೊಲಿಗೆನಾ? ನಮ್ಮಜ್ಜಿ ಕಣ್ಣು ಹೋದ್ಮೇಲೂ ಇದಕ್ಕಿಂತ ಚೆನ್ನಾಗಿ ಹೊಲೀತಿದ್ಳು.”

“ಇದನ್ನ ಹೊಲಿದೋಳು ಬಂದು ಏಳು ವಾರ ಆಗಿತ್ತು. ಈಗ ಅವಳೂ ಇಲ್ಲ.”

“ಈಗಿನೋರಿಗೆ ಕೆಲಸ ಮಾಡೋ ಮನಸ್ಸೇ ಇಲ್ಲ.”

ಸೆಪ್ಟೆಂಬರಿನಲ್ಲಿ ಬಂದ ಹನ್ನೆರಡು ಜನರಲ್ಲಿ ಉಳಿದವರು ಮೂವರು. ತೋಳು ಕೂರಿಸುವುದನ್ನು ಕೈ ಕಲಿಯಲು ಆರು ತಿಂಗಳು ಬೇಕು. ಬಂದವರು ಎರಡು ಮೂರು ತಿಂಗಳಿಗೇ ಹೋಗುತ್ತಿದ್ದರು. ಹೋದವರ ಜಾಗಕ್ಕೆ ಬಂದವರು ಮತ್ತೆ ಮೊದಲಿನಿಂದ ಕಲಿಯಬೇಕು, ಕಲಿಸುವವಳು ತನ್ನ ಕೆಲಸ ಬಿಟ್ಟು ಅವರ ಪಕ್ಕ ನಿಲ್ಲಬೇಕು. ಮೇಜಿನ ಮೇಲಿದ್ದ ಕೋಟಿನ ನೆರಿಗೆ ಎಲ್ಲಿ ಶುರುವಾಯಿತೆಂದು ಗಿನ್ಕಾಳಿಗೆ ಗೊತ್ತಿತ್ತು. ಅದು ಇದೇ ಮೇಜಿನಲ್ಲಿ, ಅವಳ ಬಾಯಲ್ಲಿ ಶುರುವಾಗಿತ್ತು.

ಆಗ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಒಗೆತದ ವಿಭಾಗ ನೋಡಿಕೊಳ್ಳುವ ವೆಸ್ಕಾ. ಗಿನ್ಕಾಳ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಗೋಡೆಯಾಚೆಗೂ ಕೇಳುವ ದನಿ.

“ಗಿನ್ಕಾ, ನಿಮ್ಮಲ್ಲಿ ಸೆವ್ದಾ ಅಂತ ಒಬ್ಬಳಿದಾಳಂತಲ್ಲ? ನಮ್ಮಲ್ಲಿ ಮತ್ತೆ ಒಂದು ಜಾಗ ಖಾಲಿಯಾಗಿದೆ, ಅರ್ಜಿ ಕೊಟ್ಟಿದಾಳೆ. ಹೇಗೆ ಹುಡುಗಿ? ನೀನು ಒಂದು ಮಾತು ಹೇಳಿದ್ರೆ ಸಾಕು, ತಗೊಂಡುಬಿಡ್ತೀನಿ.”

ವ್ರಬೋವ್ ದೋಲ್‌ನಲ್ಲಿ ಅರ್ಜಿಯನ್ನು ಓದಿ ಯಾರೂ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದೆ ಕೆಲಸ ಮಾಡಿದ ಕಡೆಗೆ ಫೋನು ಮಾಡಿ ಕೇಳುತ್ತಾರೆ. ಫೋನಿನಲ್ಲಿ ಬಂದ ಉತ್ತರವೇ ಅರ್ಜಿ.

ಗಿನ್ಕಾ ತಲೆಯೆತ್ತಿದಳು. ಕುರ್ತೆವ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಬೈಯಲಿಲ್ಲ, ಹೆದರಿಸಲಿಲ್ಲ. ಸುರುಟಿದ ತೋಳಿನ ಮೇಲೆ ಕೈಯಿಟ್ಟು, ಮೆಲ್ಲಗೆ, “ಅಕ್ಕಾ,” ಎಂದ ಅಷ್ಟೆ.

“ಕೈ ಸ್ವಲ್ಪ ನಿಧಾನ, ವೆಸ್ಕಾ,” ಎಂದಳು ಗಿನ್ಕಾ. ತನ್ನ ದನಿ ತನಗೇ ಬೇರೆ ಯಾರದ್ದೋ ಅನ್ನಿಸಿತು. “ಮನೆ ತಾಪತ್ರಯ ಬೇರೆ. ರಜ ಕೇಳ್ತಾನೇ ಇರ್ತಾಳೆ.”

“ಅಯ್ಯೋ, ಹಾಗಾದ್ರೆ ಬೇಡ ಬಿಡು. ಇನ್ನೊಬ್ಬಳು ಕೇಳಿದಾಳೆ, ಸೋಮವಾರ ಬೆಳಿಗ್ಗೆ ಅವಳಿಗೇ ಹೇಳಿಬಿಡ್ತೀನಿ. ಒಳ್ಳೇದಾಯ್ತು ನಿನ್ನ ಕೇಳಿದ್ದು.”

ಸೆವ್ದಾ ಐದು ತಿಂಗಳಲ್ಲಿ ಒಂದು ದಿನವೂ ರಜ ತೆಗೆದುಕೊಂಡಿರಲಿಲ್ಲ.

“ಬದುಕಿಸಿದೆ, ಅಕ್ಕಾ,” ಎಂದ ಕುರ್ತೆವ್. “ಸೋಮವಾರ ಹನ್ನೆರಡು ಜನ ಹೊಸಬರು ಬರ್ತಾರೆ. ಅವಳು ಅವರಿಗೆ ತೋಳು ಕಲಿಸಲಿ. ಈಸ್ಟರ್ ಆದ್ಮೇಲೆ ನಿನಗೆ ಶನಿವಾರ ರಜ ಅಂತ ಹೇಳಿಬಿಡು ಅವಳಿಗೆ.”

“ಕೊಡ್ತೀರಾ?”

“ಈಸ್ಟರ್ ಬರಲಿ, ನೋಡೋಣ.”

ನಾಲ್ಕು ಗಂಟೆಗೆ ಮೆಷಿನ್ನುಗಳು ನಿಂತವು. ಹೆಂಗಸರು ಈ ಹಬ್ಬಕ್ಕೆ ಹಂಚುವ ಹಲ್ವದ ತುಂಡುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಸಾಲಾಗಿ ಮೇಲೆ ಬಂದರು. ಮುಂದೆ ಇದ್ದವಳು ಗುಂಡಿ ಹೊಲಿಯುವ ತೋಂಕಾ, ಎಲ್ಲರನ್ನೂ ನಗಿಸುವವಳು.

“ಗಿನ್ಕಾ ಅಕ್ಕ, ಹೋದ ವರ್ಷದ್ದೂ ಬರೋ ವರ್ಷದ್ದೂ ಸೇರಿಸಿ ಒಂದೇ ಸಲ ಕ್ಷಮಿಸಿಬಿಡಿ. ಮಂಡಿ ನೋವು, ಮತ್ತೆ ಮತ್ತೆ ಮೆಟ್ಟಿಲು ಹತ್ತೋಕಾಗಲ್ಲ.”

“ಕ್ಷಮಿಸಿದೆ, ದೇವರೂ ಕ್ಷಮಿಸಲಿ.”

“ನೋಡ್ರೇ, ಬರೋ ವರ್ಷ ಪೂರ್ತಿ ಇವರನ್ನ ಬೈಕೋಬಹುದು ನಾನು!”

ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಬಂದು ಗಿನ್ಕಾಳ ಕೈಗೆ ಮುತ್ತಿಟ್ಟರು. ದಾರ ಕಚ್ಚಿ ಕಚ್ಚಿ ತುಟಿ, ಹೊಲಿದು ಹೊಲಿದು ಬೆರಳು ಒರಟಾದ ಹೆಂಗಸರು. ಅವರಲ್ಲಿ ಒಬ್ಬರೂ ಅವಳಿಗೆ ಕೆಡುಕು ಮಾಡಿದವರಲ್ಲ. ಕೊನೆಗೆ ಬಂದವಳು ಸೆವ್ದಾ. ಉಳಿದವರೆಲ್ಲ ಇಳಿದುಹೋಗುವವರೆಗೆ ಅವಳು ಬಾಗಿಲ ಬಳಿ ಕಾದಿದ್ದಳು.

“ಗಿನ್ಕಾ ಅಕ್ಕ, ಕ್ಷಮಿಸಿ. ನಾನು ನಿಮಗೆ ಹೇಳದೆ ಆಸ್ಪತ್ರೆಗೆ ಅರ್ಜಿ ಕೊಟ್ಟೆ. ನಿಮ್ಮ ಅನ್ನ ತಿಂದು ಇನ್ನೊಬ್ಬರ ಬಾಗಿಲು ತಟ್ಟಿದ ಹಾಗಾಯ್ತು. ಮನಸ್ಸಿಗೆ ಸರಿ ಅನ್ನಿಸ್ಲಿಲ್ಲ, ಅದಕ್ಕೆ ಹೇಳ್ತಿದೀನಿ.”

ಅವಳು ಬಾಗಿ ಕೈಗೆ ಮುತ್ತಿಟ್ಟಳು. ಅದು ಒಂದು ಗಂಟೆಯ ಹಿಂದೆ ಫೋನು ಹಿಡಿದಿದ್ದ ಕೈ. ಆದರೂ ಗಿನ್ಕಾಳ ಬಾಯಿಂದ ಅಭ್ಯಾಸದ ಮಾತು ತಾನಾಗಿ ಹೊರಬಂತು.

“ಕ್ಷಮಿಸಿದೆ. ದೇವರೂ ಕ್ಷಮಿಸಲಿ.”

ಮರುದಿನ ಶನಿವಾರ, ಕೆಲಸವಿತ್ತು. ಗಿನ್ಕಾ ಒಮ್ಮೆಯೂ ಕೆಳಗೆ ಇಳಿಯಲಿಲ್ಲ. ತೋಳಿನ ಮೇಜಿನ ಮುಂದೆ ಹಾದು ಹೋಗಬೇಕಾಗುತ್ತದೆಂದು ಊಟಕ್ಕೂ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಚರ್ಚಿನಲ್ಲಿ ಪಾದ್ರಿಗಳೇ ಮೊದಲು ಮೊಣಕಾಲೂರಿ ಊರವರ ಕ್ಷಮೆ ಕೇಳಿದರು. ಆಮೇಲೆ ಎಲ್ಲರೂ ಒಬ್ಬರಿಗೊಬ್ಬರು ಬಾಗಿದರು. ಗಿನ್ಕಾ ಅತನಾಸನ ಹೆಸರಿನಲ್ಲಿ ಮರಳು ತುಂಬಿದ ತಟ್ಟೆಯಲ್ಲಿ ಮೇಣದ ಬತ್ತಿ ನೆಟ್ಟು, ತಾನೂ ಪಕ್ಕದವರಿಗೆ ಬಾಗಿದಳು. “ಎಲ್ಲದಕ್ಕೂ ಕ್ಷಮಿಸಿ,” ಎಂದಳು. “ಕ್ಷಮಿಸಿದೆ,” ಎಂದರು. ಇನ್ನೊಬ್ಬರಿಗೆ ಬಾಗಿದಳು. ಅವರೂ ಹಾಗೆಯೇ ಅಂದರು. ಎಷ್ಟು ಸುಲಭ! ಯಾರೂ ಯಾವುದಕ್ಕೆ ಎಂದು ಕೇಳಲಿಲ್ಲ. ಇದೇ ಸುಲಭದಲ್ಲಿ ಅವಳು ಮೂವತ್ತು ವರ್ಷದ ತಪ್ಪುಗಳನ್ನು ದಾಟಿಸಿದ್ದಳು. ಅಂದು ಮಾತ್ರ ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ಬತ್ತಿಯ ಮುಂದೆ ನಿಂತು, ‘ದೇವರೇ, ನಾಳೆ ಬೆಳಿಗ್ಗೆ ವೆಸ್ಕಾ ಇನ್ನೊಬ್ಬಳಿಗೆ ಹೇಳಿಬಿಡುತ್ತಾಳೆ’ ಎಂದಷ್ಟೇ ಅವಳಿಗೆ ಪ್ರಾರ್ಥಿಸಲು ಬಂತು. ಪ್ರಾರ್ಥನೆ ಮುಗಿಯುವ ಮೊದಲೇ ಹೊರಗೆ ಬಂದು, ಸೇತುವೆ ದಾಟಿ ಸೆವ್ದಾಳ ಓಣಿಗೆ ನಡೆದಳು.

ಬಾಗಿಲು ತೆರೆದ ಸೆವ್ದಾಳ ಕೈಯಲ್ಲಿ ಚಾಕುವಿತ್ತು, ಬಾನಿತ್ಸ ಕತ್ತರಿಸುತ್ತಿದ್ದಳು. ಒಲೆಯಿಂದ ಆಗಷ್ಟೇ ತೆಗೆದ ಆ ಗಿಣ್ಣಿನ ಪದರ ರೊಟ್ಟಿಯ ವಾಸನೆ ಮನೆಯಲ್ಲೆಲ್ಲ ತುಂಬಿತ್ತು.

“ಯಾರೇ ಬಂದಿದ್ದು?” ಎಂದು ಒಳಗಿನಿಂದ ಕೇರಾ ಕೇಳಿದಳು.

“ಗಿನ್ಕಾ ಅಕ್ಕ, ಅಮ್ಮ. ಫ್ಯಾಕ್ಟರಿಯೋರು.”

“ಭಾನುವಾರವೂ ಕರೆಯೋಕೆ ಬಂದ್ರಾ? ಶನಿವಾರ ಸಾಲದೆ ಹೋಯ್ತಾ?”

“ಅಮ್ಮಾ!”

“ಏನೇ ಅಮ್ಮಾ? ನನ್ನ ಕೈ ಬಿದ್ದಿದೆ, ನಾಲಿಗೆ ಬಿದ್ದಿಲ್ಲ. ಬರ್ಲಿ ಒಳಗೆ.”

ಕೇರಾಳಿಗೆ ಎಂಬತ್ತರ ಹತ್ತಿರ. ಅರವತ್ತು ದಾಟಿದ ಗಿನ್ಕಾ ಅವಳ ಮುಂದೆ ಕಿರಿಯಳೇ. ಕಿಟಕಿಯ ಪಕ್ಕದ ಕುರ್ಚಿಯ ಮುಂದೆ ಬಾಗಿ, ವಾಡಿಕೆಯಂತೆ ಬಲಗೈಗಾಗಿ ಕೈ ಚಾಚಿದಳು. ಆ ಕೈ ಮುದುಕಿಯ ಮಡಿಲಲ್ಲಿ ಗಂಟಿನಂತೆ ಬಿದ್ದಿತ್ತು. ಐದು ಬೆರಳೂ ಮಡಚಿಕೊಂಡಿದ್ದವು. ಉಗುರು ಅಂಗೈಗೆ ಚುಚ್ಚದಂತೆ ಒಳಗೆ ಹತ್ತಿಬಟ್ಟೆ ತುರುಕಿದ್ದರು.

“ಎರಡು ಬೆರಳು ಬಿಚ್ಚಿತ್ತು ಅಂದಿದ್ಲು ಸೆವ್ದಾ,” ಎಂದಳು ಗಿನ್ಕಾ, ತಡೆಯಲಾರದೆ.

“ಬಿಚ್ಚಿತ್ತು. ಮತ್ತೆ ಮುಚ್ಚಿಕೊಳ್ತು. ವಾರ ವಾರ ತಿಕ್ಕದಿದ್ರೆ ಏನಾಗುತ್ತೆ?”

ಗಿನ್ಕಾ ಆ ಮುಷ್ಟಿಗೆ ತುಟಿ ಮುಟ್ಟಿಸಿದಳು. “ಕೇರಮ್ಮ, ನನ್ನ ಕ್ಷಮಿಸಿ.”

“ಯಾಕೆ?”

ಆ ದಿನ ಯಾರೂ ಕೇಳದ ಪ್ರಶ್ನೆ. ಗಿನ್ಕಾ ತಡವರಿಸಿದಳು. “ಎಲ್ಲದಕ್ಕೂ.”

“ನೀನು ನನ್ನ ಮನೆಗೆ ಒಂದು ದಿನ ಬಂದವಳಲ್ಲ. ಬೀದೀಲಿ ಕಂಡಾಗ ನಮಸ್ಕಾರ ಅಂದವಳು. ಎಲ್ಲದಕ್ಕೂ ಅಂದ್ರೆ ಯಾವುದಕ್ಕೆ? ಹೇಳು ಹುಡುಗಿ. ಏನು ಅಂತ ಗೊತ್ತಿಲ್ದೆ ಕ್ಷಮಿಸೋಕೆ ನಾನೇನು ಪಾದ್ರಿನಾ?”

ಒಲೆಯ ಬಳಿ ಸೆವ್ದಾ ಸಣ್ಣಗೆ ನಕ್ಕಳು. ಆ ನಗು ಕೇಳಿ ಗಿನ್ಕಾ ಮುದುಕಿಯ ಕೈ ಬಿಟ್ಟು ನೆಟ್ಟಗಾದಳು. ನಿಂತುಕೊಂಡೇ ಹೇಳತೊಡಗಿದಳು. ಸೆಪ್ಟೆಂಬರಿನಲ್ಲಿ ಸೆವ್ದಾ ಏನು ಕೇಳಿದಳು, ತಾನೇನು ಹೇಳಿದೆ. ಹೇಳುವಾಗಲೇ ಅದು ಸುಳ್ಳೆಂದು ತನಗೆ ಗೊತ್ತಿತ್ತು. ಒಂದೇ ವಾರ ಎಂದಾಗಲೂ ಗೊತ್ತಿತ್ತು. ಆಮೇಲೆ ಶುಕ್ರವಾರ ಬಂದ ಫೋನು. ವೆಸ್ಕಾ ಕೇಳಿದ್ದು. ಕೈ ನಿಧಾನ ಅಂದದ್ದು, ರಜ ಕೇಳುತ್ತಾಳೆ ಅಂದದ್ದು. ಕುರ್ತೆವ್ ಎದುರಿಗೆ ನಿಂತಿದ್ದನೆಂದು ಹೇಳಹೋಗಿ ನಿಲ್ಲಿಸಿದಳು. ಅವನು ‘ಅಕ್ಕಾ’ ಎಂದನೇ ಹೊರತು ಉಳಿದ ಮಾತುಗಳೆಲ್ಲ ತನ್ನವೇ.

ಸೆವ್ದಾ ಚಾಕುವನ್ನು ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ಶುಕ್ರವಾರ ಸಾಯಂಕಾಲ ನಾನು ಮೇಲೆ ಬಂದಾಗ?”

“ಆಗಲೇ ಹೇಳಿಯಾಗಿತ್ತು.”

“ನಾನು ಕ್ಷಮಿಸಿ ಅಂತ ನಿಮ್ಮ ಕೈಗೆ ಮುತ್ತು ಕೊಟ್ಟೆ. ನೀವು ಕ್ಷಮಿಸಿದೆ ಅಂದ್ರಿ.”

“ಅಂದೆ.”

“ಹೇಗೆ ಬಂತು ಆ ಮಾತು ನಿಮ್ಮ ಬಾಯಿಗೆ?”

ಸೆವ್ದಾ ಮೂಲೆಯಲ್ಲಿದ್ದ ಫೋನನ್ನು ತಂದು ಗಿನ್ಕಾಳ ಮುಂದಿಟ್ಟಳು.

“ಫೋನ್ ಮಾಡಿ,” ಎಂದಳು ಸೆವ್ದಾ. “ಇಲ್ಲಿಂದಲೇ. ನನ್ನ ಎದುರಿಗೇ ಮಾಡಿ.”

ವೆಸ್ಕಾ ಊಟದ ಮಧ್ಯದಲ್ಲಿದ್ದಳು. ಗಿನ್ಕಾ ಸುತ್ತು ಬಳಸದೆ ಹೇಳಿದಳು. ಆಚೆ ಕಡೆ ಪಾತ್ರೆಯ ಸದ್ದು ನಿಂತಿತು.

“ಅಲ್ಲ ಕಣೇ, ಶುಕ್ರವಾರದ ಗಿನ್ಕಾನ ನಂಬಲೋ, ಭಾನುವಾರದ ಗಿನ್ಕಾನ ನಂಬಲೋ?”

“ಯಾರನ್ನೂ ನಂಬಬೇಡ. ಅವಳನ್ನ ಕರೆಸಿ ಅವಳ ಕೈ ನೋಡು.”

“ಐವತ್ತು ವರ್ಷದಿಂದ ನಿನ್ನ ಬಲ್ಲೆ. ಪರೀಕ್ಷೇಲಿ ನಿನ್ನ ಉತ್ತರ ನೋಡ್ಕೊಂಡು ಬರೆದೋಳು ನಾನು. ಒಂದಕ್ಷರ ತಪ್ಪಿರ್ತಿರಲಿಲ್ಲ.” ವೆಸ್ಕಾಳ ದೊಡ್ಡ ದನಿ ಮೊದಲ ಸಲ ಇಳಿದಿತ್ತು. “ಬೆಳಿಗ್ಗೆ ಏಳಕ್ಕೆ ಕಳಿಸು. ಇನ್ನೊಬ್ಬಳನ್ನೂ ಕರೆಸ್ತೀನಿ. ಇಬ್ಬರನ್ನೂ ಇಸ್ತ್ರಿ ಯಂತ್ರದ ಮುಂದೆ ನಿಲ್ಲಿಸ್ತೀನಿ, ಯಾರು ಸರಿಯೋ ಅವರು. ಇನ್ಮೇಲೆ ನಿಮ್ಮ ಕಾರ್ಖಾನೆ ಜನದ ವಿಷಯ ನಿನ್ನ ಕೇಳೋದಿಲ್ಲ, ಗಿನ್ಕಾ.”

ಫೋನು ಇಟ್ಟ ಮೇಲೆ ಕೇರಾ ಗಂಟಲು ಸರಿಪಡಿಸಿಕೊಂಡಳು.

“ಈಗ ಗೊತ್ತಾಯ್ತು ಯಾವುದಕ್ಕೆ ಅಂತ. ನನ್ನ ಪಾಲಿನದು ಕ್ಷಮಿಸಿದೀನಿ, ದೇವರೂ ಕ್ಷಮಿಸಲಿ. ನಾನು ಇನ್ನೆಷ್ಟು ದಿನ ಇರ್ತೀನಿ, ಇದನ್ನ ಎಲ್ಲಿಗೆ ಹೊತ್ಕೊಂಡು ಹೋಗಲಿ? ಅವಳ ಪಾಲಿನದು ಅವಳನ್ನ ಕೇಳು.”

ಗಿನ್ಕಾ ಸೆವ್ದಾಳ ಕಡೆ ತಿರುಗಿದಳು. ಹಿರಿಯಳು ಕಿರಿಯಳ ಕ್ಷಮೆ ಕೇಳುವುದು ಹೇಗೆ, ಯಾವ ಕೈ ಹಿಡಿಯಬೇಕು, ಎಷ್ಟು ಬಾಗಬೇಕು ಎಂದು ಆ ಊರಿನಲ್ಲಿ ಯಾರಿಗೂ ತಿಳಿಯದು. ತಲೆ ತಗ್ಗಿಸಿ ನಿಂತಳು.

“ನನಗೆ ಬರ್ತಾ ಇಲ್ಲ, ಗಿನ್ಕಾ ಅಕ್ಕ,” ಎಂದಳು ಸೆವ್ದಾ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು. “ಬಾಯಲ್ಲಿ ಅನ್ನಬಹುದು. ಶುಕ್ರವಾರ ನೀವು ಅಂದ ಹಾಗೆ. ಅಂದ್ರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತೆ.”

ಹಬ್ಬದ ದಿನ ಬಂದವರನ್ನು ಕೂರಿಸದೆ, ಬಾಯಿಗೆ ಏನೂ ಕೊಡದೆ ಕಳಿಸುವ ಪದ್ಧತಿಯಿಲ್ಲ. ಸೆವ್ದಾ ಅವಳನ್ನು ಕೂತುಕೊಳ್ಳಿ ಎನ್ನಲಿಲ್ಲ. ಗಿನ್ಕಾ ತಾನೇ ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಸೋಮವಾರ ಬೆಳಿಗ್ಗೆ ತೋಳಿನ ಮೇಜು ಖಾಲಿಯಿತ್ತು. ಕುರ್ತೆವ್ ಮೂರು ಮೆಟ್ಟಿಲಿಗೊಂದು ಹೆಜ್ಜೆ ಹಾಕಿ ಮೇಲೆ ಬಂದ. ಗಿನ್ಕಾ ನಡೆದದ್ದನ್ನು ಹೇಳಿದಳು. ಅವನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು.

“ಅತನಾಸ್ ಅಣ್ಣನ ಹೆಂಡತಿ ಅಂತ ಕೆಲಸದಲ್ಲಿ ಉಳಿಸ್ಕೊಂಡೆ ನಿನ್ನ. ನನ್ನ ಹೊಟ್ಟೆಗೆ ಹೊಡೆದ್ಯಲ್ಲ!”

“ಹೊಡೆಯೋದು ಮೊದಲಿಂದಲೂ ನಡೆದಿದೆ, ಯಜಮಾನ್ರೇ. ನೀವು ಹೇಳಿದಿರಿ, ನಾನು ಮಾಡಿದೆ. ಕೆಳಗೆ ಇನ್ನೂರ ನಲವತ್ತು ಕೋಟು ಬಿದ್ದಿದೆಯಲ್ಲ.”

“ಸಾಯಂಕಾಲ ಹನ್ನೆರಡು ಜನ ಬರ್ತಾರೆ. ಕೆಳಗಿನ ಖಾಲಿ ಕುರ್ಚಿಗಳನ್ನ ತುಂಬಿಸು. ನಿನ್ನ ವಿಚಾರ ಆಮೇಲೆ.” ಬಾಗಿಲ ಬಳಿ ನಿಂತು, ಕರೆಯಬೇಕೋ ಬೇಡವೋ ಎಂಬಂತೆ ಒಂದು ಗಳಿಗೆ ತಡೆದು, ‘ಅಕ್ಕಾ’ ಎನ್ನದೆ ಹೊರಟುಹೋದ.

ಮೂರು ಗಂಟೆಗೆ ವೆಸ್ಕಾಳ ಫೋನು ಬಂತು.

“ತಗೊಂಡೆ ಅವಳನ್ನ. ಸಾಯಂಕಾಲದವರೆಗೂ ಕಾಯೋದು ಬೇಕಾಗಲಿಲ್ಲ. ಕೈ ನಿಧಾನ ಅಂದ್ಯಲ್ಲ, ಕಣ್ಣಿಗೆ ಏನಾಗಿತ್ತು ನಿನಗೆ?” ಗಿನ್ಕಾ ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟಳು.

ಗಿನ್ಕಾ ಶಿಲುಬೆಯ ಗುರುತು ಮಾಡಿಕೊಂಡಳು. ದೇವರಿಗೆ ಕೃತಜ್ಞತೆ ಹೇಳಬೇಕೆಂದುಕೊಂಡಳು. ಮಾತು ಅರ್ಧಕ್ಕೆ ನಿಂತಿತು. ಇನ್ನು ಮುಂದಿನ ಶನಿವಾರಗಳು ಸೆವ್ದಾಳಿಗೆ ಸಿಕ್ಕಿದವು. ಹೋದವು ಹೋದವೇ. ಇಪ್ಪತ್ತು ಶನಿವಾರ. ಬಿಚ್ಚಿದ್ದ ಎರಡು ಬೆರಳು ಇನ್ನು ಬಿಚ್ಚುತ್ತವೆಯೋ ಇಲ್ಲವೋ ಯಾರಿಗೆ ಗೊತ್ತು.

ನಾಲ್ಕು ಗಂಟೆಗೆ ಹನ್ನೆರಡು ಹೆಂಗಸರು ಗೋಡೆಯ ಉದ್ದಕ್ಕೂ ಇಟ್ಟ ಕುರ್ಚಿಗಳಲ್ಲಿ ಕೂತರು. ಕೆಲವರ ಕೋಟಿಗೆ ಇನ್ನೂ ಬಸ್ಸಿನ ಚಳಿ ಅಂಟಿತ್ತು. ಗಿನ್ಕಾ ಎದುರಿಗಿದ್ದ ಕಾಗದವನ್ನು ಬೋರಲು ಹಾಕಿದಳು. ಹಾಕಿದ ಮೇಲೆ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ, ಒಬ್ಬೊಬ್ಬರ ಮುಖವನ್ನೂ ನೋಡಬೇಕಾಯಿತು.

“ಕಾಗದದಲ್ಲಿ ವಾರಕ್ಕೆ ಐದು ದಿನ ಅಂತಿದೆ. ಅದು ನಿಜ ಅಲ್ಲ. ಸೆಪ್ಟೆಂಬರಿಂದ ಈಸ್ಟರ್ ತನಕ ಶನಿವಾರವೂ ಬರಬೇಕು. ಈ ವರ್ಷ ಈಸ್ಟರ್ ಆದ್ಮೇಲೂ ಬರಬೇಕಾಗಬಹುದು. ಚಳಿಗಾಲದಲ್ಲಿ ಬಾಗಿಲ ಹತ್ತಿರದ ಸಾಲಿಗೆ ಶಾಖ ಸಾಲದು. ಬೆನ್ನು ನೋಯುತ್ತೆ. ಮೊದಲ ಎರಡು ತಿಂಗಳು ನೀವು ಹೊಲಿದದ್ದನ್ನ ಬಿಚ್ಚಿಸ್ತಾರೆ, ಅಳು ಬರುತ್ತೆ. ಆಮೇಲೆ ಕೈ ಕೂಡುತ್ತೆ. ಕಲಿಸೋರು ಒಳ್ಳೇ ಹೆಂಗಸರು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಇಬ್ಬರು ಎದ್ದರು. “ನನಗೆ ಚಿಕ್ಕ ಮಕ್ಕಳಿದಾವೆ, ಶನಿವಾರ ಆಗಲ್ಲ,” ಎಂದು ಒಬ್ಬಳು ತಪ್ಪು ತನ್ನದೇ ಎಂಬಂತೆ ಹೇಳಿಹೋದಳು. ಆಮೇಲೆ ಇನ್ನೂ ಐದು ಜನ ಎದ್ದರು. ಮೆಟ್ಟಿಲ ಮೇಲೆ ಅವರ ಮಾತು ಕೇಳುತ್ತಿತ್ತು: “ಬಸ್ಸಿಗೆ ಬಂದದ್ದು ದಂಡ.” “ಮೂರು ತಿಂಗಳು ದಂಡ ಆಗೋದಕ್ಕಿಂತ ವಾಸಿ ಬಿಡೇ.” ಅಷ್ಟರಲ್ಲಿ ಕುರ್ತೆವ್ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಖಾಲಿ ಕುರ್ಚಿಗಳನ್ನು ಎಣಿಸುತ್ತಿದ್ದ.

ಉಳಿದವರು ಐವರು. ಅವರಲ್ಲಿ ಕೊನೆಯ ಕುರ್ಚಿಯಲ್ಲಿದ್ದ ಎತ್ತರದ ಹೆಂಗಸು, ತಂಬಾಕಿನ ಹೊಲದಲ್ಲಿ ದುಡಿದು ಬೆರಳ ತುದಿ ಕಂದಿದ್ದವಳು, ಗಿನ್ಕಾಳನ್ನೇ ದಿಟ್ಟಿಸಿ ಕೇಳಿದಳು:

“ಕೆಳಗೆ ತೋಳಿನ ಮೇಜು ಖಾಲಿ ಇದೆ. ಒಳ್ಳೇ ಕೈ ಇತ್ತಂತೆ ಅಲ್ಲಿ, ಗೇಟಲ್ಲಿ ಅಂದ್ಕೊಳ್ತಿದ್ರು. ಅವಳು ಯಾಕೆ ಬಿಟ್ಟು ಹೋದ್ಲು?”

ಕುರ್ತೆವ್ ಕೆಮ್ಮಿದ. ಗಿನ್ಕಾ ಅವನ ಕಡೆ ತಿರುಗಲಿಲ್ಲ.

“ಅವಳನ್ನ ಕೆಲಸಕ್ಕೆ ತಗೊಳ್ಳೋವಾಗ ನಾನು ಸುಳ್ಳು ಹೇಳಿದ್ದೆ. ಅದಕ್ಕೆ ಹೋದ್ಲು.”

ಆ ಹೆಂಗಸು ಎದ್ದು ಹೋಗುವಳೆಂದು ಗಿನ್ಕಾ ಕಾದಳು. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು.

“ಸರಿ,” ಎಂದಳು. “ಹೇಳದೇ ಇರೋದು ಇನ್ನೂ ಏನೇನಿದೆ, ಎಲ್ಲ ಹೇಳಿ.”